ಭಾಗ್ಯಳ ಕಾಲಿಗೆ ಹಾಕಿದ ಮೂಳೆ

ಭಾಗ್ಯ, ನಿನ್ನ ಕಾಲಿಗೆ ಹಾಕಿದ ಮೂಳೆ ನನ್ನದಲ್ಲ. ನಿನ್ನ ದೊಡ್ಡವ್ವ ಕೆಂಚಮ್ಮನದು. ನನ್ನದು ಅಂತ ನಾನು ಹೇಳಿದ್ದು ಸುಳ್ಳು. ನಿನ್ನ ಮಕ್ಕಳು ಈಗ ನನ್ನನ್ನು ಅಜ್ಜಿ ಅನ್ನುತ್ತವೆ, ಅವಕ್ಕೂ ನೀನು ಅದೇ ಸುಳ್ಳು ಹೇಳುತ್ತೀಯ — ನಿಜ ಅಂದುಕೊಂಡು.

ಆಗ ನೀನಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ಬುಕ್ಕಾಪಟ್ಟಣದ ದಾರಿಯಲ್ಲಿ ಸುಮ್ಮನೆ ಎಡವಿದೆ, ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಕಟ್ಟು ಹಾಕಿಸಿದೆವು, ಕೂಡಿತು. ಮತ್ತೆ ಅಲ್ಲೇ ಮುರಿಯಿತು. ದೊಡ್ಡಾಸ್ಪತ್ರೆಯಲ್ಲಿ ಎಕ್ಸರೇ ನೋಡಿದ ಡಾಕ್ಟರಮ್ಮ, ಮೂಳೆಯೊಳಗೆ ಟೊಳ್ಳಾಗಿದೆ, ಬೇರೆ ಮೂಳೆಯ ಚೂರು ತುಂಬಬೇಕು ಅಂದರು. ನಿನ್ನ ಮೈಯಲ್ಲಿ ಅಷ್ಟು ತೆಗೆಯೋಕೆ ಆಗುತ್ತಿರಲಿಲ್ಲ. ತಾಯಿಯ ಸೊಂಟದಿಂದ ತೆಗೆಯುತ್ತೇವೆ ಅಂದರು.

ಇನ್ನೊಬ್ಬರ ಮೂಳೆ ಇವಳ ಕಾಲಲ್ಲೇ ಉಳಿಯುತ್ತಾ ಅಂತ ಕೇಳಿದೆ.

"ಅವರೆ ಬಳ್ಳಿಗೆ ಹುರಿ ಕಟ್ಟಲ್ವೇನಮ್ಮ? ಬಳ್ಳಿ ಅದನ್ನ ಹಿಡ್ಕೊಂಡು ಹತ್ತುತ್ತೆ. ಮಗೂ ಮೂಳೆನೂ ಹಂಗೇ. ಹಾಕಿದ್ದು ಬರ್ತಾ ಬರ್ತಾ ಕರಗಿಹೋಗುತ್ತೆ. ಆಮೇಲೆ ಉಳಿಯೋದೆಲ್ಲ ಅವಳದ್ದೇ."

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಆದರೂ ಹೂಂ ಅನ್ನಲಿಲ್ಲ. ಸೊಂಟ ಹೋದರೆ ಕುರಿ ಹಿಂದೆ ಯಾರು ಹೋಗೋದು ಅಂದೆ. ಅದು ನೆಪ. ಕೊಯ್ಯುತ್ತಾರೆ ಅನ್ನೋ ಹೆದರಿಕೆ — ಅಷ್ಟೇ. ಗೋಡೆಗೆ ಒರಗಿ ಕೂತಿದ್ದ ಕೆಂಚಕ್ಕ ಎದ್ದು ಬಂದಳು. ನಿನ್ನ ದೊಡ್ಡಪ್ಪ ಆಗಲೇ ತೀರಿಹೋಗಿದ್ದ, ಅವಳಿಗೆ ಮಕ್ಕಳಿಲ್ಲ.

"ನಂದು ತಗಳಿ ಡಾಕ್ಟ್ರಮ್ಮ. ಮಡಿಕ್ಕಂಡು ಉಪ್ಪಿನಕಾಯಿ ಹಾಕ್ಲಾ?"

ಪರೀಕ್ಷೆ ಮಾಡಿದರು. ಹೊಂದುತ್ತೆ ಅಂದರು.

ಆಪರೇಷನ್ ಆಗಿ ಅವಳಿನ್ನೂ ಮಗ್ಗುಲು ತಿರುಗಲಾರದೆ ಮಲಗಿದ್ದಳು. ಆವಾಗ ಹೇಳಿದೆ — ಆವಾಗಲೇ, ಅಷ್ಟೂ ತಡೆಯದೆ — "ಅಕ್ಕಾ, ಊರಲ್ಲಿ ನನ್ನ ಮೂಳೆ ಅಂತೀನಿ. ಮುಂಡೆ ಮೂಳೆ ಸೇರೈತೆ ಅಂದ್ರೆ ನಾಳೆ ಈ ಮಗೀನ ಯಾರು ಮಾಡ್ಕಂತಾರೆ?"

ಅವಳು ನಿನ್ನ ಮಂಚದ ಕಡೆ ನೋಡಿದಳು. "ಅಂಗೇ ಹೇಳ್ಕ. ನಾನು ಬಾಯಿ ಬಿಡಕಿಲ್ಲ ಬುಡು."

ಊರಿಗೆ ಬಂದ ಮೇಲೆ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಮಲಗಿದೆ. ಏನೂ ಆಗದ ಸೊಂಟಕ್ಕೆ! ಮೂಳೆ ತುಂಬಿಕೊಳ್ಳಲಿ ಅಂತ ಅಕ್ಕಪಕ್ಕದವರು ಕುರಿಕಾಲಿನ ಸಾರು ತಂದರು. ಕುಡಿದೆ. ನಾನು ಕುಡಿಯುವಾಗ ಕೊಯ್ಯಿಸಿಕೊಂಡವಳು ಬಾವಿಯಿಂದ ನೀರು ಹೊರುತ್ತಿದ್ದಳು. ಒಂದು ಲೋಟ ಸಾರಾದರೂ — ಇಲ್ಲ, ಕೊಡಲಿಲ್ಲ. ಕೊಟ್ಟರೆ ಯಾಕೆ ಅಂತ ಕೇಳುತ್ತಾರಲ್ಲ.

ನಿನ್ನ ಕಾಲು ಸರಿಹೋಯಿತು, ಅವಳ ಸೊಂಟ ಸರಿಹೋಗಲಿಲ್ಲ. ಕಾಲು ಎಳೆದುಕೊಂಡೇ ನಡೆದಳು. ಕಳೆ ಕೀಳುವ ಹೆಂಗಸರು "ಏನ್ ಕೆಂಚಕ್ಕ, ಕೆಲ್ಸ ಅಂದ್ರೆ ಸೊಂಟ ನೋಯ್ತದಾ?" ಅಂತ ಆಡಿಕೊಂಡರು. ಅವರ ಜೊತೆ ನಾನೂ ನಕ್ಕೆ. ಒಂದು ಸಲ ನಾನೇ ಮೊದಲು ಅಂದೆ. ಹೆದರಿಕೆಗೆ ಸುಳ್ಳು ಹೇಳಿದ್ದೆ ಅನ್ನಬಹುದು, ಆ ಮಾತಿಗೆ ಏನು ಅನ್ನಲಿ?

ತಾವರೆಕೆರೆಯವರು ನಿನ್ನನ್ನು ನೋಡೋಕೆ ಬಂದ ದಿನ ಅವಳು ಹಿತ್ತಲಲ್ಲೇ ಇದ್ದಳು. ಮದುವೆ ದಿನ ಹಸೆಯ ಮೇಲೆ ನೀನು ನನ್ನ ಕಾಲಿಗೆ ಬಿದ್ದು, "ನಿನ್ ಮೂಳೆ ಮೇಲೆ ನಿಂತಿವ್ನಿ ಕಣವ್ವ" ಅಂದೆ. ಜನ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಮದುವೆ ಆಗಿಯೇ ಹೋಯಿತಲ್ಲ, ಇನ್ನು ಮುಚ್ಚಿಡೋಕೆ ಕಾರಣ ಇರಲಿಲ್ಲ. ಹೊಗಳಿಸಿಕೊಳ್ಳೋದು ರುಚಿಯಾಗಿತ್ತು.

ಹೋದ ವಾರ ನೀನು ಬಂದಿದ್ದೆ. ಮಂಚದ ಮೇಲಿದ್ದ ಕೆಂಚಕ್ಕ ಎದ್ದೇಳಲಾರದೆ ಕೈ ನೀಡಿದಳು. ನೀನು ಮಗು ಎತ್ತಿಕೊಂಡು, "ದೊಡ್ಡವ್ವ, ನಿನ್ ಕುಂಟು ನೆಪ ಇನ್ನೂ ಮುಗೀಲಿಲ್ವಾ? ನಮ್ಮವ್ವ ಮೂಳೆ ಕೊಟ್ಟೂ ಓಡಾಡ್ತಾಳೆ, ನೋಡು" ಅಂದೆ. ಅವಳು ನಕ್ಕು ಕೈ ಹಿಂದಕ್ಕೆ ಎಳೆದುಕೊಂಡಳು. ನಾನು ಅಲ್ಲೇ ರಾಗಿ ಕೇರುತ್ತಿದ್ದೆ. ಮೊರ ನಿಲ್ಲಿಸಲಿಲ್ಲ.

ನೀನು ಅಂದದ್ದು ನಿನ್ನ ತಪ್ಪಲ್ಲ. ಆ ಮಾತು ನಾನು ಕಲಿಸಿದ್ದು.

ಇದು ಗೊತ್ತಾದ ಮೇಲೆ ನನ್ನ ಹತ್ತಿರ ಬಂದು ಅಳಬೇಡ, ಬೈಯಲೂ ಬೇಡ. ಮೊದಲು ಅವಳ ಹತ್ತಿರ ಹೋಗು. ಊರವರಿಗೆ ನಾನೇ ಹೇಳುತ್ತೇನೆ. "ನಿಮ್ಮವ್ವಂಗೆ ವಯಸ್ಸಾಯ್ತು, ಏನೇನೋ ಅಂತಾಳೆ" ಅನ್ನುತ್ತಾಳೆ ಅವಳು, ಅಂದೇ ಅನ್ನುತ್ತಾಳೆ — ನಂಬಬೇಡ.