ನಂಬರು ಸವೆದ ಚುಂಗಾಣಿ

ಕಳೆದ ವಾರ ಬೆಂಗಳೂರಿನಲ್ಲಿ ಹಳೆಯ ಸ್ನೇಹಿತರೊಬ್ಬರು ತಮ್ಮ ಸಂಗ್ರಹದ ಚುಂಗಾಣಿಯೊಂದನ್ನು, ಅಂದರೆ ತಂಬಾಕು ಸೇದುವ ಪೈಪನ್ನು ತೋರಿಸಿದರು. ತೋರಿಸಿದರು, ಅಷ್ಟೆ, ಮುಟ್ಟಲು ಬಿಡಲಿಲ್ಲ. ಯಾವುದೋ ಕಾರ್ಖಾನೆಗೆ ನೂರು ವರ್ಷ ತುಂಬಿದ ನೆನಪಿಗೆ ಇನ್ನೂರೈವತ್ತು ಮಾಡಿ ಕೈ ತೊಳೆದುಕೊಂಡರಂತೆ. ಇನ್ನೂರೈವತ್ತೊಂದನೆಯದನ್ನು ಮಾಡದೇ ಇದ್ದುದಕ್ಕೇ ಅದಕ್ಕೆ ಬೆಲೆ. ಅದನ್ನು ಯಾರೂ ಸೇದಿಲ್ಲ ಎಂಬುದು ಇನ್ನೊಂದು ಹೆಗ್ಗಳಿಕೆ. ಸೇದುವುದಕ್ಕೆಂದೇ ಮಾಡಿದ ವಸ್ತು ಸೇದಿದರೆ ಕೆಡುತ್ತದೆ ಎಂಬ ಮಾತನ್ನು ನೀವು ಒಪ್ಪಿಕೊಂಡುಬಿಟ್ಟರೆ ಮಿಕ್ಕದ್ದೆಲ್ಲ ಸಲೀಸು. ಒಳಗಿನಿಂದ ಕಾಫಿ ಬರುವುದರಲ್ಲಿತ್ತು, ನಾನೂ ಒಪ್ಪಿಕೊಂಡೆ.

ಆಗ ಮುನಿಯಪ್ಪನವರು ನೆನಪಾದರು. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರ್ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ದೊರೆ ಸ್ವದೇಶಕ್ಕೆ ಹೊರಟ ಮೇಲೆ ಬಂಗಾರಪೇಟೆ ಹತ್ತಿರದ ತಮ್ಮ ಹಳ್ಳಿಗೆ ಬಂದು ಎರಡು ಹಸು ಕಟ್ಟಿಕೊಂಡರು. ಬರುವಾಗ ಜೊತೆಗೆ ತಂದದ್ದು ಒಂದು ಪೈಪು. ಗಣಿಯ ಯಾವುದೋ ಶಾಫ್ಟಿನ ನೆನಪಿಗೆ ಬಿಲಾಯಿತಿಯಲ್ಲಿ ನೂರೇ ನೂರು ಮಾಡಿಸಿ ದೊಡ್ಡ ಅಧಿಕಾರಿಗಳಿಗೆ ಹಂಚಿದ್ದರಂತೆ. ಕುತ್ತಿಗೆಗೆ ಬೆಳ್ಳಿಯ ಪಟ್ಟಿ, ಪಟ್ಟಿಯ ಮೇಲೆ ನಂಬರು. ಹೊರಡುವ ದಿನ ದೊರೆ ಅದನ್ನು ಮುನಿಯಪ್ಪನವರ ಕೈಗಿಟ್ಟು ಬೆನ್ನು ತಟ್ಟಿದ. ಕೊಟ್ಟೆನೆಂದು ಚೀಟಿ ಬರೆದುಕೊಡಲಿಲ್ಲ.

ಊರಿಗೆ ಅಷ್ಟು ಸಾಕಾಯಿತು. ಯಾರ ಮನೆಯಲ್ಲಿ ಚೊಂಬು ಕಳೆದರೂ ಮೊದಲು ಮುನಿಯಪ್ಪನ್ನ ಕೇಳಿ ಎನ್ನುವುದು ಅಲ್ಲಿನ ತಮಾಷೆ. ಶುರುಮಾಡಿದವರು ಅವರ ಷಡ್ಡಕ ಚಿಕ್ಕಣ್ಣ, ಬಂಗಾರಪೇಟೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದವರು. ಇಪ್ಪತ್ತು ವರ್ಷ ಹಳೆಯದಾದರೂ ಆ ತಮಾಷೆಗೆ ಎಲ್ಲರೂ ನಗುತ್ತಿದ್ದರು, ಮುನಿಯಪ್ಪನವರೊಬ್ಬರನ್ನು ಬಿಟ್ಟು.

ಎಂಬತ್ತರ ದಶಕದ ಆರಂಭ. ನಾನು ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಸುದ್ದಿಯಿಲ್ಲದ ಒಂದು ವಾರ ಈ ಪೈಪಿನ ಬಗ್ಗೆ ಕಾಲು ಕಾಲಂ ಬರೆದೆ. ನಂಬರು ಎಪ್ಪತ್ತೊಂದು ಎಂದು ಮುನಿಯಪ್ಪನವರು ಹೇಳಿದರು, ನಾನು ಹಾಗೇ ಬರೆದುಕೊಂಡೆ. ಪೈಪು ದೇವರ ಗೂಡಿನಲ್ಲಿತ್ತು. ಇಳಿಸಿ ನೋಡಲು ಸೋಮಾರಿತನ. ಕಣ್ಣಾರೆ ನೋಡದ್ದನ್ನು ಬರೆಯಬಾರದೆಂದು ಆಮೇಲೆ ಅನೇಕ ಹುಡುಗರಿಗೆ ಪಾಠ ಹೇಳಿದ್ದೇನೆ, ಈ ಪ್ರಸಂಗ ಮುಚ್ಚಿಟ್ಟು.

ಅದನ್ನು ಓದಿ, ಪೈಪು ಕೊಳ್ಳಲೆಂದು ಬೆಂಗಳೂರಿನಿಂದ ಒಬ್ಬ ನಿವೃತ್ತ ಮೇಜರ್ ಬಂದರು. ಅವರ ಬಳಿ ಆ ನೂರು ಪೈಪುಗಳ ಪಟ್ಟಿಯೇ ಇತ್ತು, ಯಾವ ನಂಬರು ಯಾರಿಗೆ ಎಂದು. ಎಪ್ಪತ್ತೊಂದರ ಎದುರು ನಮ್ಮ ದೊರೆಯ ಹೆಸರೇ ಇತ್ತು. ಸುದ್ದಿ ಮುಟ್ಟಿಸಿದಾಗ ಮುನಿಯಪ್ಪನವರು ಪೈಪು ಕೊಡುತ್ತೇನೆಂದೋ ಇಲ್ಲವೆಂದೋ ಹೇಳಲಿಲ್ಲ. ಪಟ್ಟಿ ತರಲಿ ಎಂದಷ್ಟೇ ಹೇಳಿ, ಚಿಕ್ಕಣ್ಣನವರನ್ನು ಸಾಕ್ಷಿಗೆ ಕರೆಸಿದರು.

ನಾವು ಹೋದಾಗ ಜಗಲಿಯ ಮೇಲೆ ಚಾಪೆ, ಚಾಪೆಯ ಮೇಲೆ ಬಾಳೆಲೆ, ಅದರ ಮೇಲೆ ಕುಂಕುಮವಿಟ್ಟ ಪೈಪು. ಬೆಳ್ಳಿ ಪಟ್ಟಿ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಮೇಜರ್ ಭೂತಗನ್ನಡಿ ತೆಗೆದು ನೋಡಿದರು. ತಿರುಗಿಸಿ ನೋಡಿದರು. ನಂಬರೇ ಇರಲಿಲ್ಲ.

ಕಾರಣ ಕೇಳಿದರೆ ಮುನಿಯಪ್ಪನವರ ಹೆಂಡತಿ ನಾರಾಯಣಮ್ಮ ಹೆಮ್ಮೆಯಿಂದಲೇ ಹೇಳಿದರು. ಪ್ರತಿ ಆಯುಧಪೂಜೆಗೆ ಕುಡುಗೋಲು, ನೇಗಿಲ ಗುಳದ ಜೊತೆ ಇದನ್ನೂ ಹುಣಸೆಹಣ್ಣು, ಒಲೆಬೂದಿ ಹಾಕಿ ತಿಕ್ಕುತ್ತಿದ್ದರಂತೆ. ದೊಡ್ಡೋರು ಬರುತ್ತಾರೆಂದು ಬೆಳಿಗ್ಗೆ ಇನ್ನೊಂದು ಕೈ ಹೆಚ್ಚಾಗಿಯೇ ತಿಕ್ಕಿದ್ದರು.

ಸೇದಿದ್ದಾರೆಯೇ ಎಂದು ಮೇಜರ್ ನನ್ನ ಮೂಲಕ ಕೇಳಿಸಿದರು. ಒಂದು ದಿನವೂ ಇಲ್ಲ, ದೊರೆ ಕೂಡ ಸೇದಿರಲಿಲ್ಲ, ನಾನು ಬೀಡಿಯವನು ಎಂದರು ಮುನಿಯಪ್ಪನವರು. ಮೇಜರ್ ನಿಟ್ಟುಸಿರು ಬಿಟ್ಟು, ನಂಬರಿಲ್ಲದಿದ್ದರೆ ಇದು ಬರೀ ಪೈಪು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಬಟ್ಲರಿಗೆ ಅಷ್ಟು ಇಂಗ್ಲಿಷು ಅರ್ಥವಾಗದೆ ಇರುತ್ತದೆಯೇ? ಅವರು ನೋಡಿದ್ದು ಮೇಜರ್ ಕಡೆಗಲ್ಲ, ಷಡ್ಡಕನ ಕಡೆಗೆ.

ಚಿಕ್ಕಣ್ಣ ಬಿಡಲಿಲ್ಲ. "ನಂಬರು ಇದ್ದಿದ್ರೂ ಏನಾಗ್ತಿತ್ತು ಬಾವ? ದೊರೇದು ಅಂತ ಗೊತ್ತಾಗ್ತಿತ್ತು. ಕೊಟ್ಟಿದ್ದು ಅಂತ ಎಂಗೆ ಗೊತ್ತಾಗ್ತದೆ?"

ಪಟ್ಟಿ ಹಿಡಿದು ಬಂದ ಇಬ್ಬರು ಓದಿದವರಿಗೆ ಹೊಳೆಯಬೇಕಿದ್ದ ಪ್ರಶ್ನೆ ಅದು. ಮುನಿಯಪ್ಪನವರು ಪೈಪಿನ ಮೇಲಿನ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತರು.

ಮಾತಾಡಿದ್ದು ನಾರಾಯಣಮ್ಮ, ದನಿ ಏರಿಸದೆ. "ಏನಪ್ಪಾ ಚಿಕ್ಕಣ್ಣ, ಕದ್ದ ಮಾಲನ್ನ ಯಾರಾದ್ರೂ ಬಾವಿಕಟ್ಟೆ ಮ್ಯಾಲೆ ಕುಂತು ಊರೋರ ಮುಂದೆ ತಿಕ್ತಾರಾ? ವರ್ಸಾ ವರ್ಸಾ ನಾನು ತಿಕ್ಕಿದ್ದಕ್ಕೇ ಅಲ್ವಾ ನಂಬರು ಓಗಿದ್ದು? ಪೂಜೆ ಆದ್ಮೇಲೆ ಮೊದ್ಲು ಪುರಿ ತಿನ್ತಿದ್ದೋನು ನೀನೇ."

ಚಿಕ್ಕಣ್ಣ ಕಿವಿಯ ಮೇಲಿದ್ದ ಬೀಡಿ ತೆಗೆದು, ದಾರ ಬಿಚ್ಚಿ, ಪೈಪನ್ನು ಈಸಿಕೊಂಡು ಪುಡಿಯನ್ನು ಅದರ ಬಾಯಿಗೆ ಸುರಿದು, ಬೆರಳಿನಿಂದ ಒತ್ತಿದರು. ಎದ್ದು, ಎರಡೂ ಕೈಯಲ್ಲಿ ಅದನ್ನು ಮುನಿಯಪ್ಪನವರಿಗೆ ಚಾಚಿ ಹೇಳಿದರು: "ಸೇದು ಬಾವ. ನಿಂದೇ."

ಮುನಿಯಪ್ಪನವರು ಕಡ್ಡಿ ಗೀರಿದಾಗ ಮೇಜರ್ ಕಣ್ಣು ಮುಚ್ಚಿಕೊಂಡರು.

ಆ ದಿನದ ಬಗ್ಗೆ ನಾನು ವರದಿ ಕಳಿಸಲಿಲ್ಲ. ದಾಖಲೆಯಿಲ್ಲದ್ದು ಸುದ್ದಿಯಲ್ಲ ಎಂದುಕೊಂಡೆ. ಮುನಿಯಪ್ಪನವರು ಹೋಗಿ ಎಷ್ಟೋ ವರ್ಷವಾಯಿತು. ನನ್ನ ಕಾಲು ಕಾಲಮ್ಮಿಗೆ ತಿದ್ದುಪಡಿಯೂ ಬರಲಿಲ್ಲ. ಕಳೆದ ವಾರ ಸ್ನೇಹಿತರ ಮನೆಯಿಂದ ಬಂದು, ಆ ತಿದ್ದುಪಡಿ ಬರೆಯಲು ಕಾಗದ ತೆಗೆದೆ. ಮೊದಲ ವಾಕ್ಯ ಹೀಗೆ ಬಂತು, ತಿದ್ದದೆ ಬಿಟ್ಟಿದ್ದೇನೆ: ದೊರೆ ಆ ಪೈಪನ್ನು ಮುನಿಯಪ್ಪನವರಿಗೆ ಕೊಟ್ಟಿದ್ದ.