ಗವಿ ಮುಟ್ಟುವ ಮುಂಚೆ

ಶೇಂಗಾ ಹುರಿಯುತ್ತಿದ್ದೆ. ಚಟ್ನಿಪುಡಿಗೆ ಶೇಂಗಾ ಹುರಿಯುವಾಗ ಒಲೆ ಬಿಟ್ಟು ಕದಲುವ ಹಾಗಿಲ್ಲ. ಯಾರ ಜೊತೆಗಾದರೂ ಒಂದು ಮಾತಾಡುವಷ್ಟರಲ್ಲಿ ಸೀದು ಕಹಿಯಾಗಿ ಹೋಗುತ್ತದೆ. ಹಾಗಾಗಿ ಫೋನು ಹೊಡೆದುಕೊಳ್ಳುತ್ತಿದ್ದರೂ ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಾಗ ಅತ್ತೆಯೇ ಪಡಸಾಲೆಯಿಂದ ಎದ್ದು ಬಂದು, ಫೋನನ್ನು ನನ್ನ ಕಿವಿಗೆ ಹಿಡಿದು ನಿಂತರು. ಹರಪನಹಳ್ಳಿಯಿಂದ ನಾದಿನಿ, ಅಂದರೆ ಅತ್ತೆಯ ಮಗಳು. ಅವಳ ಓಣಿಯ ಹೆಂಗಸರು ಸೇರಿ ಶ್ರೀಶೈಲಕ್ಕೆ ಗಾಡಿ ಮಾಡಿದ್ದಾರಂತೆ. ಇಬ್ಬರು ಹಿಂದೆ ಸರಿದಿದ್ದಾರೆ, ಜಾಗ ಖಾಲಿ ಇದೆ, ಗಾಡಿ ಹೇಗೂ ಕೊಟ್ಟೂರಿನ ಮೇಲೆಯೇ ಹಾಯುತ್ತದೆ, ಅವ್ವನನ್ನು ಕರೆದುಕೊಂಡು ಹತ್ತಿಬಿಡು ಎಂದಳು. ಈ ವರ್ಷ ಕೃಷ್ಣೆಯಲ್ಲಿ ನೀರು ತುಂಬಿ ನಿಂತಿದೆ, ಗವಿಗೆ ದೋಣಿ ಬಿಟ್ಟಿದ್ದಾರೆ ಎಂದು ಕೊನೆಗೆ ಸೇರಿಸಿದಳು.

ಆ ಕೊನೆಯ ಮಾತು ಅತ್ತೆಯ ಕಿವಿಗೂ ಬಿತ್ತು. ಫೋನು ಹಿಡಿದ ಕೈ ಹಾಗೇ ಕೆಳಗಿಳಿಯಿತು. ನಾದಿನಿ ಒಳಗಿನಿಂದ ಹಲೋ ಹಲೋ ಅನ್ನುತ್ತಲೇ ಇದ್ದಳು.

ಆ ಗವಿಯ ಸುದ್ದಿ ನಮ್ಮ ಮನೆಯಲ್ಲಿ ಹಳೆಯದು. ಶ್ರೀಶೈಲದ ಅಣೆಕಟ್ಟಿನ ಹಿಂದೆ ನೀರು ಗುಡ್ಡಗಳ ನಡುವೆ ಬಹಳ ದೂರ ಹೋಗಿ ನಿಂತಿದೆ. ಆ ಕಣಿವೆಯೊಳಗೆ ದೋಣಿಯಲ್ಲಿ ಹೋದರೆ, ಹಿಂದೆ ಶರಣೆಯೊಬ್ಬಳು ತಪಸ್ಸಿಗೆ ಕುಳಿತ ಗವಿ ಸಿಗುತ್ತದೆ. ಕಾಲಲ್ಲಿ ಶಕ್ತಿ ಇದ್ದಾಗ ಅತ್ತೆ ಶ್ರೀಶೈಲಕ್ಕೆ ನಡೆದುಕೊಂಡೇ ಹೋಗಿ ಬಂದವರು. ಆದರೆ ಹೋದಾಗಲೆಲ್ಲ ನೀರು ಕಡಿಮೆ ಎಂದೋ, ಜೊತೆಯವರಿಗೆ ಅವಸರ ಎಂದೋ ದೋಣಿ ತಪ್ಪಿತ್ತು. ಒಂದು ದಿನವಾದರೂ ಆ ಗವಿಯಲ್ಲಿ ಕೂತು ಲಿಂಗಪೂಜೆ ಮಾಡಿಕೊಳ್ಳಬೇಕು ಎನ್ನುವುದು ಅವರ ಆಸೆ. ದೊಡ್ಡದಾಗಿ ಹೇಳುತ್ತಿರಲಿಲ್ಲ. ಯಾರಾದರೂ ಶ್ರೀಶೈಲಕ್ಕೆ ಹೋಗಿ ಬಂದರೆ ಪ್ರಸಾದ ಇಸಿದುಕೊಳ್ಳುತ್ತ, ಗವಿಗೆ ಹೋಗಿದ್ದಿರೇನು ಎಂದು ಕೇಳುವರು, ಅಷ್ಟೇ.

ಮನೆಯವರು, ರೊಟ್ಟಿ ಮಾಡಿಟ್ಟು ಹೋಗಿ, ನನ್ನದು ನಾನು ನೋಡಿಕೊಳ್ಳುತ್ತೇನೆ ಎಂದರು. ಅವರು ಅಷ್ಟು ಹಗುರಾಗಿ ಒಪ್ಪಿದ್ದನ್ನೇ ನಾನು ಶ್ರೀಶೈಲದ ಮಲ್ಲಯ್ಯನ ಮೊದಲನೆಯ ಕೃಪೆ ಎಂದುಕೊಂಡೆ.

ಕಾರ್ತಿಕದ ದಿನಗಳು. ಕೂಡ್ಲಿಗಿ, ಬಳ್ಳಾರಿ ದಾಟಿ, ಆಂಧ್ರದ ಹತ್ತಿ ಹೊಲಗಳನ್ನು ದಾಟಿ, ಕಾಡಿನ ಘಾಟು ಹತ್ತಿ ಸಂಜೆಯ ಹೊತ್ತಿಗೆ ಶ್ರೀಶೈಲ ಮುಟ್ಟಿದೆವು. ದರ್ಶನವೂ ಆಯಿತು. ಮರುದಿನ ಬೆಳಿಗ್ಗೆ ಮೊದಲ ದೋಣಿಗೇ ಗವಿ ಎಂದು ಮಾತಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಅತ್ತೆ ಕೊರಳಿನ ಲಿಂಗಕ್ಕೆ ಪೂಜೆ ಮಾಡಿಕೊಳ್ಳದೆ ಬಾಯಿಗೆ ಏನೂ ಹಾಕುವವರಲ್ಲ. ಮನೆಯಲ್ಲಿ ಇದರಿಂದ ತೊಂದರೆ ಇಲ್ಲ. ಏಳುವುದು, ಜಳಕ, ಪೂಜೆ, ಆಮೇಲೆ ಸಕ್ಕರೆ ಕಾಯಿಲೆಯ ಗುಳಿಗೆ, ಅದರ ಹಿಂದೆಯೇ ರೊಟ್ಟಿ. ಎಲ್ಲ ಒಂದರ ಬೆನ್ನಿಗೆ ಒಂದು ಆಗಿಹೋಗುತ್ತದೆ. ಆದರೆ ಆವತ್ತು ಪೂಜೆ ಗವಿಯಲ್ಲಿ ಎಂದು ನಿಶ್ಚಯ ಮಾಡಿಕೊಂಡಿದ್ದರು. ಹಾಗಾಗಿ ಛತ್ರದಲ್ಲಿ ಜಳಕ ಮುಗಿಸಿ, ವಿಭೂತಿ ಉಂಡೆ, ಪತ್ರೆ, ನೈವೇದ್ಯಕ್ಕೆ ಕಲ್ಲುಸಕ್ಕರೆ ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ಹೊರಟರು. ನಾನು ತಿಂಡಿ ಎನ್ನುವ ಮೊದಲೇ ಕೈ ಅಡ್ಡ ಮಾಡಿದರು. ನಾನೂ ಒತ್ತಾಯ ಮಾಡಲಿಲ್ಲ, ಗವಿ ಇಲ್ಲೇ ಹತ್ತಿರ ಇರಬೇಕು ಎಂದುಕೊಂಡೆ.

ತಂತಿಯ ಮೇಲೆ ಜಾರುವ ತೂಗುಗಾಡಿಯಲ್ಲಿ ನೀರಿನ ತನಕ ಇಳಿದೆವು. ದೋಣಿ ತುಂಬದೆ ಹೊರಡುವುದಿಲ್ಲ ಎಂದು ದಂಡೆಯ ಮೇಲೆ ಬಹಳ ಹೊತ್ತು ಕೂರಿಸಿದರು. ಎಲ್ಲರಿಗೂ ಕಿತ್ತಳೆ ಬಣ್ಣದ ತೇಲುವ ಅಂಗಿ ಹಾಕಿಸಿದರು. ಇಳಕಲ್ ಸೀರೆಯ ಮೇಲೆ ಅದನ್ನು ಬಿಗಿದುಕೊಂಡು ಕೂತ ಅತ್ತೆಯನ್ನು ನೋಡಿ ನಾದಿನಿಗೆ ನಗು ತಡೆಯಲಾಗಲಿಲ್ಲ.

“ಅವ್ವಾ, ಮದಲಗಿತ್ತಿ ಕಂಡಂಗ ಕಾಣಾಕತ್ತಿ ನೋಡು.”

“ಮದಲಗಿತ್ತಿಗೆ ಯಾರರ ಗೋಣಿಚೀಲ ಹೊದಸ್ತಾರೇನಲೇ,” ಎಂದರು ಅತ್ತೆ. ಹರಪನಹಳ್ಳಿಯ ಹೆಂಗಸರೆಲ್ಲ ನಕ್ಕರು. ಆಗ ಅವರ ಮುಖ ಚೆನ್ನಾಗಿಯೇ ಇತ್ತು.

ದೋಣಿ ಹೊರಟಿತು. ನಾನು ಹಡಗಲಿ ಕಡೆಯ ಇಟ್ಟಿಗಿಯವಳು, ಹೊಳೆ ನೋಡದವಳಲ್ಲ. ಆದರೆ ನಮ್ಮ ಹೊಳೆಗೆ ದಂಡೆ ಇದೆ, ದಂಡೆಯ ಆಚೆ ಹೊಲ ಇದೆ, ಹೊಲದಲ್ಲಿ ಯಾರಾದರೂ ಇರುತ್ತಾರೆ. ಇಲ್ಲಿ ದಂಡೆಯೇ ಇಲ್ಲ. ಮೊದಮೊದಲು ಕೆರೆಯ ಹಾಗೆ ಅಗಲವಾಗಿದ್ದ ನೀರು ಹೋಗುತ್ತ ಹೋಗುತ್ತ ಕಿರಿದಾಯಿತು, ಎರಡೂ ಕಡೆಯ ಗುಡ್ಡ ನೆಟ್ಟಗೆ ನೀರಿನಿಂದಲೇ ಎದ್ದವು. ಬಂಡೆಯೆಲ್ಲ ಪದರ ಪದರ, ಯಾರೋ ಒಣಗಿಸಿದ ಕಟಕ ರೊಟ್ಟಿ ಪೇರಿಸಿಟ್ಟ ಹಾಗೆ. ಮಳೆಗಾಲದಲ್ಲಿ ನೀರು ಏರಿದ್ದ ಗುರುತು ಬಿಳಿಯ ಪಟ್ಟಿಯಾಗಿ ಉದ್ದಕ್ಕೂ ನಮ್ಮ ತಲೆಯ ಮೇಲೆ ಬರುತ್ತಿತ್ತು. ಬಂಡೆಯ ಸಂದಿನಿಂದ ಆಲದ ಬೇರು ಜೋತುಬಿದ್ದಿದ್ದವು. ಕರಿ ಹಕ್ಕಿಗಳು ಒಣಗಿದ ಮರದ ತುದಿಗೆ ಕೂತು, ಒಗೆದ ಬಟ್ಟೆ ಹರವಿದಂತೆ ರೆಕ್ಕೆ ಬಿಚ್ಚಿದ್ದವು. ಬಿಸಿಲು ಮೇಲಿನ ಅಂಚಿಗಷ್ಟೇ ತಾಗಿತ್ತು. ನಾವಿದ್ದಲ್ಲಿ ನೆರಳು, ತಂಪು. ನಾನು ಸೆರಗು ಮುಂದೆ ಎಳೆದುಕೊಂಡು ಕೈಮುಗಿದೆ. ಒಲೆ, ನಲ್ಲಿ, ಸಂತೆ ಬಿಟ್ಟರೆ ಬೇರೆ ಕಾಣದವಳಿಗೆ ಇಂಥದ್ದನ್ನು ತೋರಿಸಿದನಲ್ಲ ಎನಿಸಿತು.

ಆ ಹೊತ್ತಿಗೆ ದೋಣಿಯ ಹಿಂಬದಿಯಲ್ಲಿ ಏನೋ ಕಿರುಗುಟ್ಟಿ ಯಂತ್ರ ನಿಂತುಹೋಯಿತು. ದೋಣಿ ನಡೆಸುವವನು ಬಗ್ಗಿ ನೋಡಿ, ಮೀನಿನ ಬಲೆಯ ತುಂಡು ಯಂತ್ರದ ರೆಕ್ಕೆಗೆ ಸುತ್ತಿಕೊಂಡಿದೆ, ಕೊಯ್ದು ತೆಗೆಯಬೇಕು, ಹೆದರಬೇಡಿ ಎಂದು ತೆಲುಗಿನಲ್ಲಿ ಹೇಳಿದ. ನಮ್ಮಲ್ಲಿ ಬಹಳ ಮಂದಿಗೆ ಅರ್ಥವಾಯಿತು. ಗವಿ ಇನ್ನೂ ಎಷ್ಟು ದೂರ ಎಂದು ಕೇಳಿದರೆ, ಇನ್ನೂ ಅರ್ಧ ದಾರಿ ಎಂದ. ಚಾಕು ತೆಗೆದುಕೊಂಡು ಹಿಂದೆ ಬೋರಲು ಮಲಗಿ ಕೆಲಸಕ್ಕೆ ಹತ್ತಿದ. ದೋಣಿ ನೀರ ಮೇಲೆ ಸುಮ್ಮನೆ ನಿಂತಿತು.

ಅತ್ತೆ ನನ್ನ ಪಕ್ಕದಲ್ಲಿದ್ದರು. ಅವರ ತೋಳು ನನಗೆ ತಾಗಿದಾಗ ತಣ್ಣಗೆ ಒದ್ದೆಯಾಗಿತ್ತು. ನೀರು ಸಿಡಿದಿರಬೇಕು ಎಂದು ನೋಡಿದರೆ, ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿದಿತ್ತು. ಆ ತಂಪಿನಲ್ಲಿ ಬೆವರು. ಚೀಲ ಹಿಡಿದ ಬೆರಳು ನಡುಗುತ್ತಿದ್ದವು. ನನಗೆ ಹೊಸಹಳ್ಳಿಯ ಮದುವೆ ನೆನಪಾಯಿತು. ಅಲ್ಲಿ ಪಂಕ್ತಿ ತಡವಾಗಿ, ಗುಳಿಗೆ ನುಂಗಿ ಕಾಯುತ್ತಿದ್ದ ಅತ್ತೆ ಕೂತಲ್ಲೇ ವಾಲಿದ್ದರು. ಈ ಗುಳಿಗೆ ನುಂಗಿದ ಮೇಲೆ ಹೊಟ್ಟೆ ಖಾಲಿ ಬಿಟ್ಟರೆ ರಕ್ತದ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಎಂದು ಆಗ ಡಾಕ್ಟರು ನನ್ನನ್ನು ನಿಲ್ಲಿಸಿ ಹೇಳಿದ್ದರು.

ಬೆಳಿಗ್ಗೆ ಗುಳಿಗೆ ತೆಗೆದುಕೊಂಡಿರೇನು ಎಂದು ಕೇಳಿದೆ.

“ತಗೊಂಡೀನಿ. ಗುಳಗಿ ಏನು ಊಟಾನ?” ಎಂದರು. ಮಾತು ತೊದಲುತ್ತಿತ್ತು.

ಅವರ ಲೆಕ್ಕದಲ್ಲಿ ತಪ್ಪೇನೂ ಆಗಿರಲಿಲ್ಲ. ಉಪವಾಸಕ್ಕೆ ಊಟ ಅಡ್ಡಿ, ಔಷಧಿ ಅಡ್ಡಿಯಲ್ಲ. ನಮ್ಮ ಕಡೆ ಯಾವ ಹಿರಿಯರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಪೂಜೆಗೆ ಹೊತ್ತಾದರೂ ಔಷಧಿ ತಪ್ಪಬಾರದು ಎಂದು ಏಳುತ್ತಲೇ ನುಂಗಿದ್ದರು.

ನಾದಿನಿಗೆ ಗೊತ್ತಾಗಿದ್ದೇ ತಡ, ಬಾಳೆಹಣ್ಣು ಸುಲಿದು ತಾಯಿಯ ಬಾಯಿಗೆ ಹಿಡಿದಳು. ಅತ್ತೆ ತುಟಿ ಬಿಗಿದರು. ಬೈದಳು, ಬೇಡಿಕೊಂಡಳು, ಅತ್ತಳು. ಓಣಿಯ ಹೆಂಗಸರೂ ಒಬ್ಬೊಬ್ಬರಾಗಿ ಹೇಳಿನೋಡಿದರು. ಅತ್ತೆ ತಲೆ ಅಲ್ಲಾಡಿಸುತ್ತಲೇ ಇದ್ದರು, ಆ ಅಲ್ಲಾಡಿಸುವುದೂ ನಿಧಾನವಾಗುತ್ತ ಬಂತು. ಮುಂದೆ ಹೋಗಲು ಯಂತ್ರವಿಲ್ಲ, ಹಿಂದೆ ಹೋಗಲೂ ಇಲ್ಲ, ಇಳಿಯೋಣವೆಂದರೆ ಕಾಲಿಡಲು ನೆಲವಿಲ್ಲ.

ಉಣ್ಣಿರಿ ಎಂದರೆ ಅವರು ಉಣ್ಣುವುದಿಲ್ಲ ಎಂದು ನನಗೆ ಗೊತ್ತು. ಸೊಸೆಯಾಗಿ ಬಂದಾಗಿನಿಂದ ಕಂಡಿದ್ದೇನೆ. ನಾನು ಕೆಳಗೆ ಅವರ ಕಾಲ ಹತ್ತಿರ ಕೂತೆ.

“ಅತ್ತಿ, ಇಲ್ಲೇ ಪೂಜಿ ಮಾಡ್ಕೊಳ್ರಿ.”

“ಗವಿಯಾಗ ಮಾಡ್ಕೊಂತೀನಿ ಅಂತ ಅಂದೀನಿ.”

“ಯಾರಿಗೆ ಅಂದೀರಿ?”

“ಅವಗ.”

“ಅವ ಎಲ್ಲದಾನ?”

ಅವರು ನನ್ನನ್ನು ಗುರುತು ಹಿಡಿಯಲಾರದವರ ಹಾಗೆ ನೋಡಿದರು. ತಡವಾಯಿತೇನೋ ಎಂದುಕೊಂಡೆ. ಆಮೇಲೆ ಅವರ ಬಲಗೈ ತಾನಾಗಿ ಮೇಲೆ ಹೋಯಿತು. ಕಿತ್ತಳೆ ಅಂಗಿಯ ಪಟ್ಟಿಯ ಕೆಳಗೆ ತಡಕಾಡಿ, ಕೊರಳಿನ ಲಿಂಗದ ಕರಡಿಗೆಯನ್ನು ಹುಡುಕಿ ಹಿಡಿಯಿತು.

“ನೀರ ಕೊಡು,” ಎಂದರು.

ಚೀಲ ಬಿಚ್ಚಿದೆ. ದೋಣಿಯವನು ಚಾಕು ಕೆಳಗಿಟ್ಟು, ನಮ್ಮ ತಂಬಿಗೆಯನ್ನೇ ಇಸಿದುಕೊಂಡು ನೀರು ಮೊಗೆದು ಕೊಟ್ಟ. ನಾದಿನಿ ಕಣ್ಣೊರೆಸಿಕೊಂಡು ತಾಯಿಯ ಹಣೆಗೆ, ತೋಳಿಗೆ ವಿಭೂತಿ ಧರಿಸಿದಳು. ಎಡಗೈಯ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರು, ಆದರೆ ಕೈ ನಿಲ್ಲುತ್ತಿರಲಿಲ್ಲ. ನಾನು ಆ ಕೈಯ ಕೆಳಗೆ ನನ್ನ ಕೈಯಿಟ್ಟೆ. ಅವರು ಎರೆದ ನೀರು ಅವರ ಬೆರಳ ಸಂದಿಯಿಂದ ಇಳಿದು ನನ್ನ ಅಂಗೈಗೆ ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದರೂ ನಾವಿಬ್ಬರೂ ಒಂದೇ ಪೂಜೆಗೆ ಕೈ ಕೊಟ್ಟಿರಲಿಲ್ಲ. ಅವರದು ಅವರಿಗೆ, ನನ್ನದು ನನಗೆ. ಪತ್ರೆ ಏರಿಸಿದರು. ಮಂತ್ರ ತುಟಿಯಲ್ಲೇ ಇತ್ತು, ನನಗೆ ಕೇಳಿಸಲಿಲ್ಲ. ಯಂತ್ರ ನಡೆಯುತ್ತಿದ್ದರೆ ಆ ಅದುರಿಗೆ ಲಿಂಗ ಅಂಗೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಆ ಬಲೆ ಸುತ್ತಿಕೊಂಡಿದ್ದಕ್ಕೆ ಕೆಲವರು ಗೊಣಗಿದ್ದರು, ನಾನೂ ಮನಸ್ಸಿನಲ್ಲಿ ಬೈದಿದ್ದೆ. ಅದು ಯಾಕೆ ಸುತ್ತಿಕೊಂಡಿತು ಎನ್ನುವುದು ಈಗ ಗೊತ್ತಾಯಿತು.

ನೈವೇದ್ಯ ತೋರಿಸಿ ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು. ಮನೆಯಲ್ಲಿ ಚಹಕ್ಕೆ ಚಿಟಿಕೆ ಸಕ್ಕರೆ ಹಾಕಿದರೂ ಕಣ್ಣು ಬಿಡುವವರು, ಪ್ರಸಾದ ಎಂದರೆ ಬೇಡವೆನ್ನುವ ಹಾಗಿಲ್ಲ. ಇನ್ನೊಂದು ಕೊಟ್ಟೆ, ಮತ್ತೊಂದು ಕೊಟ್ಟೆ. ಆಮೇಲೆ ಬಾಳೆಹಣ್ಣನ್ನೂ ತಿಂದರು, ಚಪಾತಿಯನ್ನೂ ತಿಂದರು. ನಿಧಾನಕ್ಕೆ ಬೆವರು ಆರಿತು, ಕಣ್ಣು ಅವರ ಕಣ್ಣೇ ಆದವು. ಅತ್ತಿತ್ತ ನೋಡಿ, ಇನ್ನೂ ಮೂಗು ಸೇದುತ್ತಿದ್ದ ಮಗಳನ್ನು ಕಂಡರು.

“ಯಾಕಲೇ, ಹೋದ್ಲು ಅಂತ ಮಾಡಿದ್ಯೇನು?”

“ಹೋಗಾಕ ಕುಂತಿದ್ದಿಯಲ್ಲ.”

“ಮಲ್ಲಯ್ಯನ ನೀರಾಗ ಹೋಗಾಕ ಪುಣ್ಯ ಬೇಕು. ನಿನ್ನ ಹಡದೀನಿ, ಅಷ್ಟು ಪುಣ್ಯ ಎಲ್ಲಿಂದ ಬಂತು ನನಗ.”

ಆಗ ನಾದಿನಿ ಅಳುತ್ತಲೇ ನಕ್ಕಳು. ನಾನು ಮುಖ ತಿರುಗಿಸಿ ಬಂಡೆಯ ಕಡೆ ನೋಡುತ್ತ ಕೂತೆ.

ಬಲೆ ಬಿಡಿಸಿ ಆಯಿತು, ದೋಣಿ ಮುಂದೆ ಹೋಯಿತು. ಗವಿಯ ಕೆಳಗೆ ಇಳಿಸಿದಾಗ ಅತ್ತೆ ಎದ್ದು ನಿಂತು ನೋಡಿದರು, ಕಾಲಲ್ಲಿ ಕಸುವಿರಲಿಲ್ಲ. ಮೆಟ್ಟಿಲು ಕಡಿದಾಗಿದ್ದವು. ಅವರೇ ಮರದ ನೆರಳಿಗೆ ಹೋಗಿ ಕೂತರು. ನೀನು ಹೋಗಿ ಬಾ ಎಂದು ನನಗೆ ಹೇಳಿದರು, ನಾನು ಹೋಗಲಿಲ್ಲ. ಹತ್ತುವವರು ಒಬ್ಬೊಬ್ಬರಾಗಿ ಗಿಡಗಳ ಹಿಂದೆ ಮರೆಯಾಗುವ ತನಕ ಅತ್ತೆ ನೋಡುತ್ತಲೇ ಇದ್ದರು. ಅವರಿಗೆ ನೋವಾಗಲಿಲ್ಲ ಎಂದು ನಾನು ಬರೆಯಲಾರೆ.

ನಾದಿನಿ ಮೊಣಕಾಲಿಗೆಲ್ಲ ಮಣ್ಣು ಮಾಡಿಕೊಂಡು ಇಳಿದು ಬಂದಳು. ಒಳಗೆ ಕತ್ತಲು, ಬಾವಲಿಯ ವಾಸನೆ, ಕೊನೆಯಲ್ಲಿ ಲಿಂಗದ ಹತ್ತಿರ ಹೋಗಲು ಅಡ್ಡಡ್ಡ ತೂರಬೇಕು ಎಂದು ವಿವರಿಸಿದಳು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ಅಲ್ಲಿ ನನ್ನ ಸೊಂಟ ಬಗ್ತಿದ್ದಿಲ್ಲ ಬಿಡು,” ಎಂದರು. ಅದು ಸಮಾಧಾನದ ಮಾತೋ ನಿಜವೋ, ನಾನು ಕೆದಕಲಿಲ್ಲ. ವಾಪಸು ಬರುವಾಗ ಕಣಿವೆಯಲ್ಲಿ ಬಿಸಿಲು ನೀರಿನ ತನಕ ಇಳಿದಿತ್ತು. ದೋಣಿ ನಿಂತಿದ್ದ ಜಾಗ ಬಂದಾಗ, ನಾನು ಗುರುತಿಸುವ ಮೊದಲೇ ಅವರು ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಊರಿಗೆ ಬಂದ ಮೇಲೆ ಪ್ರಸಾದಕ್ಕೆ ಬಂದ ಅಕ್ಕಪಕ್ಕದವರು, ಗವಿಯಲ್ಲಿ ಪೂಜೆ ಆಯಿತೇನು ಎಂದು ಕೇಳಿದರು. ನಡುನೀರಿನಲ್ಲಿ ಆಯಿತು ಎಂದಷ್ಟೇ ಅತ್ತೆ ಹೇಳಿದರು. ಬೆವರಿನ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಹಲಗೆಯ ಮೇಲಿದ್ದ ಅವರ ಗುಳಿಗೆ ಡಬ್ಬಿಯನ್ನು ತೆಗೆದು ಗೋಡೆಯಲ್ಲಿನ ದೇವರ ಮಾಡದಲ್ಲಿ, ವಿಭೂತಿಯ ಪಕ್ಕಕ್ಕೆ ಇಟ್ಟೆ. ಇನ್ನು ಮೇಲೆ ಪೂಜೆಗೆ ಕೂತು ಎದ್ದ ಮೇಲೆಯೇ ಅದು ಕೈಗೆ ಸಿಗಬೇಕು, ಎಲ್ಲಿಗೆ ಹೋದರೂ ಪೂಜೆಯ ಚೀಲದಲ್ಲೇ ಬರಬೇಕು. ಅತ್ತೆ ಜಳಕ ಮುಗಿಸಿ ಬಂದು ಮಾಡದ ಮುಂದೆ ನಿಂತರು. ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು.

“ಇದಕ್ಕೂ ಈಬತ್ತಿ ಹಚ್ಚಬೇಕೇನು?” ಎಂದರು, ವಿಭೂತಿಯ ಕಡೆ ಕೈ ಮಾಡಿ.

ಹಚ್ಚಿದರೂ ಒಳ್ಳೆಯದೇ ಎಂದೆ. ಡಬ್ಬಿಯನ್ನು ಅಲ್ಲೇ ಬಿಟ್ಟು ಮಣೆಯ ಮೇಲೆ ಕೂತು ಕರಡಿಗೆ ಬಿಚ್ಚಿದರು. ಅಷ್ಟರಲ್ಲಿ ಓಣಿಯಲ್ಲಿ ನಲ್ಲಿ ನೀರು ಬಂತೆಂದು ಯಾರೋ ಕೂಗಿದರು. ಮನೆಯಲ್ಲಿ ಒಂದು ಕೊಡವೂ ತುಂಬಿರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಕೊಡಗಳನ್ನು ಬೆಳಗಲು ಬಚ್ಚಲಿಗೆ ಹೋದೆ.