ಕೊಲ್ಹಾರಕ್ಕೆ ಬಂದ ಸಮುದ್ರದ ವಾಸನೆ

ದೆವ್ವ, ಶಕುನ, ಕನಸಿನಲ್ಲಿ ಬಂದು ಎಚ್ಚರಿಸಿಹೋದ ಹಿರಿಯರು, ಇಂಥ ಮಾತು ಬಂದಾಗಲೆಲ್ಲ ನಾನು ನಗುತ್ತಿದ್ದವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವನಿಗೆ ಅಷ್ಟಾದರೂ ಬಿಗುಮಾನ ಇರದಿದ್ದರೆ ಹೇಗೆ? ಯಾರಾದರೂ ಅಂಥ ಕಥೆ ತೆಗೆದರೆ, ಆಗ ಗಂಟೆ ಎಷ್ಟಾಗಿತ್ತು, ಏನು ಉಂಡು ಮಲಗಿದ್ದಿರಿ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಈಗ ನೀವೂ ನನ್ನನ್ನು ಅದನ್ನೇ ಕೇಳಬಹುದು. ಬೆಳಗಿನ ಐದಕ್ಕೆ ಸ್ವಲ್ಪ ಮುಂಚೆ. ಉಂಡದ್ದು ಮೊಸರನ್ನ.

ಮೊದಲು ನನ್ನ ಮೂಗಿನ ವಿಷಯ ಹೇಳಿಬಿಡುತ್ತೇನೆ. ಕೊರೋನಾ ಬಂದು ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಇಂಗಿನ ಒಗ್ಗರಣೆಯೂ ಊದಿನಕಡ್ಡಿಯೂ ನನಗೆ ಒಂದೇ. ಒಮ್ಮೆ ಹಾಲು ಹೊತ್ತಿ ಅಕ್ಕಪಕ್ಕದವರು ಓಡಿಬಂದರೂ ನಾನು ಅಡುಗೆಮನೆಯ ಬಾಗಿಲಲ್ಲೇ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಂದಿನಿಂದ ನನ್ನಾಕೆ ನನ್ನ ಮೂಗನ್ನು ಚಾಳೀಸು ಕನ್ನಡಕ ಇಡುವ ಗೂಟ ಎನ್ನುತ್ತಾಳೆ.

ನಮ್ಮೂರು ಕೊಲ್ಹಾರ, ಕೃಷ್ಣೆಯ ಹಿನ್ನೀರಿನ ದಂಡೆ. ಇದೇ ಊರಿನ ಹನುಮವ್ವನದು ಹೊಳೆಯಲ್ಲಿ ಮೀನು ಹಿಡಿಯುವ ಮನೆತನ. ಗಂಡ ಯಮನಪ್ಪನ ಸೊಂಟ ಬಿದ್ದು ಬಲೆ ಎಳೆಯುವುದು ನಿಂತ ಮೇಲೆ ಆಕೆ ಎರಡು ವರ್ಷ ಕೊಯ್ತಾ ಎಂಬ ಕತ್ತಿ ಹಿಡಿದು ಸಾಂಗಲಿ ಕಡೆ ಕಬ್ಬು ಕಡಿಯಲು ಹೋಗಿದ್ದಳು. ಮೂರನೆಯ ವರ್ಷ ಹೊಲದಲ್ಲಿ ಹೊಂಡ ತೋಡಿಸಿ ಮೀನಿನ ಮರಿ ಬಿಟ್ಟಳು. ಅವು ಬದುಕಿದರೆ ಗಂಡನ ಜೊತೆ ಊರಲ್ಲಿ ಇರುವುದು, ಸತ್ತರೆ ಮತ್ತೆ ಕೊಯ್ತಾ ಹಿಡಿದು ಟ್ರ್ಯಾಕ್ಟರ್ ಹತ್ತುವುದು ಎಂದು ನನ್ನ ಮುಂದೆ ಹೇಳಿದ್ದಳು.

ಹುಟ್ಟಿದಾಗಿನಿಂದ ಮೀನು ಮುಟ್ಟದ ಆಚಾರದ ಮನೆಯವನಾದ ನಾನು ಆಕೆಗೆ ಸಲಹೆಗಾರ! ಸಮುದ್ರದ ಪ್ಲಾಂಕ್ಟನ್ನಿನ ಪಾಠ ನನ್ನ ಮೆಚ್ಚಿನದು. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ನೀರಿನಲ್ಲಿ ತೇಲುತ್ತ ಬಿಸಿಲು ಉಣ್ಣುತ್ತವೆ, ಅವನ್ನು ಸಣ್ಣ ಹುಳು ತಿನ್ನುತ್ತದೆ, ಹುಳುವನ್ನು ಮೀನು ತಿನ್ನುತ್ತದೆ. ತಿಮಿಂಗಿಲದ ತನಕ ಎಲ್ಲರ ಅನ್ನದ ತಪ್ಪಲೆ ಅಲ್ಲಿಂದಲೇ ಏರುತ್ತದೆ. ನಾವು ಉಸಿರಾಡುವ ಗಾಳಿಗೂ ಅವುಗಳ ಋಣ ಇದೆ. ನಿನ್ನ ಹೊಂಡದ ಹಸಿರು ನೀರೂ ಅದೇ ಕುಲದ್ದು, ಹಸಿರು ಹೆಚ್ಚಿದಷ್ಟೂ ಮೀನಿಗೆ ಹಬ್ಬ ಎಂದು ಹನುಮವ್ವನಿಗೆ ಭಾಷಣ ಮಾಡಿದ್ದೆ.

ದೀಪಾವಳಿಯ ಪಾಡ್ಯಕ್ಕೆ ನಮ್ಮ ಕಡೆ ಸೆಗಣಿಯ ಪಾಂಡವರನ್ನು ಮಾಡಿ ಬಾಗಿಲಿಗೆ ಕೂರಿಸಿ, ಚೆಂಡುಹೂ ಏರಿಸಿ ಪೂಜಿಸುತ್ತಾರೆ. ಆಮೇಲೆ ಮಾಳಿಗೆಯ ಮೇಲೆ ಇಡುವುದು ರೂಢಿ. ಆ ವರ್ಷ ನನಗೆ ಬುದ್ಧಿ ಓಡಿತು. ಸೆಗಣಿ ಬಿದ್ದರೆ ನೀರು ಹಸಿರಾಗುತ್ತದಲ್ಲ, ಓಣಿಯ ಪಾಂಡವರನ್ನೆಲ್ಲ ಹೊಂಡಕ್ಕೆ ಬಿಡೋಣ ಎಂದೆ. ಎಲ್ಲರಿಗೂ ಸಂತೋಷವಾಯಿತು, ದೇವರು ನೀರಿಗೆ ಸೇರಿದಂತೆಯೂ ಆಯಿತಲ್ಲ! ಬುಟ್ಟಿಗಟ್ಟಲೆ ಭೀಮಾರ್ಜುನರು ನೀರು ಕಂಡರು.

ವಾರದೊಳಗೆ ನೀರು ಪಾಲಕ್ ಸಾರಿನಂತಾಯಿತು. ಮೇಲೆ ಎರಡು ದಿನದಿಂದ ಮೋಡ. ಹನುಮವ್ವ ತನ್ನ ಹಿರಿಯರ ಪದ್ಧತಿಯಂತೆ ನೀರಿಗೆ ಕೈ ಇಳಿಸಿ ನೋಡಿದಳು. ಮೊಣಕೈ ಮುಳುಗುವ ತನಕ ಅಂಗೈ ಕಾಣಬೇಕು ಎಂಬುದು ಅವರ ಲೆಕ್ಕ.

"ಮುಂಗೈ ಮುಳುಗೂದ್ರಾಗನ ಅಂಗೈ ಕಾಣವಲ್ದ್ರಿ ಮಾಸ್ತರ" ಎಂದಳು.

ಒಳ್ಳೆಯದೇ ಆಯಿತು ಎಂದು ನಾನು ಮನೆಗೆ ಬಂದು ಮಲಗಿದೆ.

ಮರುದಿನ ಬೆಳಗಿನ ಜಾವ ನನಗೆ ಎಚ್ಚರವಾದದ್ದು ವಾಸನೆಯಿಂದ. ಉಪ್ಪುಪ್ಪಾದ, ಹಸಿಯಾದ, ಸ್ವಲ್ಪ ಕೊಳೆತಂಥ ವಾಸನೆ. ಶಾಲೆಯ ಮಕ್ಕಳೊಂದಿಗೆ ಪ್ರವಾಸ ಹೋದಾಗ ಕಾರವಾರದ ದಂಡೆಯಲ್ಲಿ ಬಂದದ್ದೇ ಅದು, ಸಮುದ್ರದ್ದು. ಮೂಗು ಬಂತು ಎಂದು ಖುಷಿಯಿಂದ ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ಮೂಸಿದೆ. ಏನೂ ಇಲ್ಲ. ಬಾಗಿಲು ತೆಗೆದರೆ ಸಮುದ್ರ ಮಾತ್ರ ಗಮ್ಮೆಂದಿತು. ಟಾರ್ಚ್ ಹಿಡಿದು, ಚಪ್ಪಲಿ ಮರೆತು ಬೀದಿಗಿಳಿದೆ. ಸೇತುವೆಯ ಕಡೆ ನಾಲ್ಕು ಹೆಜ್ಜೆ ಇಟ್ಟರೆ ವಾಸನೆ ಮಾಯ, ಹೊಲದ ಕಡೆ ತಿರುಗಿದರೆ ಮತ್ತೆ ದಟ್ಟ. ಹೊಂಡದ ಏರಿ ಹತ್ತುವಷ್ಟರಲ್ಲಿ ನಾಲಿಗೆಯ ಮೇಲೆ ಉಪ್ಪು ಬಂದಂತಾಯಿತು.

ಟಾರ್ಚ್ ಹಾಕಿ ನೋಡಿದೆ. ನೀರಿನ ತುಂಬ ತೆರೆದ ಬಾಯಿಗಳು. ಮೀನುಗಳೆಲ್ಲ ಮೇಲೆ ಬಂದು ಗಾಳಿಗಾಗಿ ಬಾಯಿ ಬಡಿಯುತ್ತಿದ್ದವು. ಆಗ ನೆನಪಾಯಿತು. ಹಗಲು ಪ್ರಾಣವಾಯು ಕೊಡುವ ಆ ಹಸಿರೇ ರಾತ್ರಿ ಅದನ್ನು ಹೀರುತ್ತದೆ, ಕೊಳೆಯುವ ಸೆಗಣಿಯೂ ಹೀರುತ್ತದೆ. ಈ ಸಾಲನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದವನು ನಾನೇ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಕೂಗಿದೆ. ಹೊಲದ ಗುಡಿಸಲಿನಿಂದ ಹನುಮವ್ವ ಓಡಿಬಂದು ಡೀಸೆಲ್ ಇಂಜಿನ್ ಹಚ್ಚಿದಳು. ಹಿನ್ನೀರು ಪೈಪಿನಲ್ಲಿ ಬಂತು. ಗಾಳಿ ಬೆರೆಯಲೆಂದು ಪೈಪನ್ನು ತಲೆಯ ಮೇಲೆ ಎತ್ತಿ ಹಿಡಿದು ನಾನು ನಿಂತೆ, ಆಕೆ ಬಿದಿರಿನಿಂದ ನೀರು ಬಡಿದಳು. ಯಮನಪ್ಪ ಗುಡಿಸಲ ಮುಂದೆ ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಇಬ್ಬರಿಗೂ ಹುಕುಂ ಕೊಡುತ್ತಿದ್ದ. ಹೊತ್ತೇರಿ ಬಿಸಿಲು ಬಿದ್ದಾಗ ಬಾಯಿಗಳು ಒಂದೊಂದಾಗಿ ಕೆಳಗಿಳಿದವು. ಒಂದು ಬುಟ್ಟಿ ಮೀನು ಸತ್ತಿದ್ದವು, ಉಳಿದವೆಲ್ಲ ಉಳಿದವು. ಹನುಮವ್ವ ಏರಿಯ ಮೇಲೆ ಕುಳಿತು ಅತ್ತಳು, ಆಮೇಲೆ ನೆತ್ತಿಯಿಂದ ಪಾದದ ತನಕ ಪಾಚಿ ಮೆತ್ತಿದ್ದ ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕಳು.

ಆಗ ವಾಸನೆ ಹೋಗಿತ್ತು. ಆಕೆಗೆ ಅದು ಬಂದೇ ಇರಲಿಲ್ಲ. ಇದೇ ಪ್ಲಾಂಕ್ಟನ್ನಿನಿಂದ ಏಳುವ ವಾಸನೆಯ ಜಾಡು ಹಿಡಿದು ಕಡಲಹಕ್ಕಿಗಳು ಮೀನು ಹುಡುಕುತ್ತವೆ ಎಂದು ನಾನು ಓದಿದ್ದೆ. ಆದರೆ ಅದು ಉಪ್ಪುನೀರಿನ ಮಾತು. ವಿಜಯಪುರದ ಡಾಕ್ಟರು, ಕೆಟ್ಟ ಮೂಗು ಒಮ್ಮೊಮ್ಮೆ ಇಲ್ಲದ ವಾಸನೆ ಹುಟ್ಟಿಸಿಕೊಳ್ಳುತ್ತದೆ ಎಂದರು. ಒಪ್ಪಿದೆ. ಆದರೆ ಅದಕ್ಕೆ ದಾರಿ ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಮುಂದಿನ ರೋಗಿಯನ್ನು ಕರೆದರು. ಹನುಮವ್ವನಿಗೆ ಮಾತ್ರ ಗೊಂದಲವಿಲ್ಲ.

"ಈ ಸಣ್ಣ ಜೀವಕ್ಕ ಸಮುದ್ರದಾಗ ಬಳಗ ಇರ್ತೈತಿ ಅಂತ ನೀವ ಹೇಳಿದ್ರೆಲ್ಲ. ಬಳಗದವ್ರು ಹೇಳಿ ಕಳಿಸ್ಯಾರ."

ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಈವರೆಗೂ ಸಿಕ್ಕಿಲ್ಲ. ನನ್ನ ಮೂಗು ಈಗಲೂ ಗೂಟವೇ. ಹನುಮವ್ವ ಊರಲ್ಲೇ ಇದ್ದಾಳೆ, ಆ ಕೊಯ್ತಾದಿಂದ ಈಗ ಮೀನಿಗೆ ಹುಲ್ಲು ಕೊಯ್ಯುತ್ತಾಳೆ. ಪಾಡ್ಯದ ದಿನ ನಮ್ಮ ಮನೆಯ ಐದೇ ಪಾಂಡವರನ್ನು ಹೊಂಡಕ್ಕೆ ಒಯ್ಯುತ್ತಾಳೆ. ಆಮೇಲೆ ಒಂದು ವಾರ ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

"ಮಾಸ್ತರ, ವಾಸನಿ ಏನರ ಬಂತೇನ್ರಿ?"

ನಾನು ಗಂಭೀರವಾಗಿ ಮೂಗೆತ್ತಿ ಗಾಳಿ ಎಳೆದುಕೊಂಡು, ಏನೂ ಇಲ್ಲವ್ವ ಎನ್ನುತ್ತೇನೆ.

"ಹಂಗಾರ ಮೀನು ಚಲೋ ಅದಾವು" ಎಂದು ಆಕೆ ನೆಮ್ಮದಿಯಿಂದ ಹೊರಡುತ್ತಾಳೆ.